ಐವಿಸಿ ಬಾಯಲ್ಲಿ ಓಲಾಡುವ ಎಳೆ, ತುದಿಯಲ್ಲಿ ಉಂಡೆ: ಕಿಯಾರಿ ಜಾಲವೋ, ಜಾಲಕ್ಕೆ ಸಿಕ್ಕ ಕ್ಲಾಟೋ?

ಎಕೋಕೋಣೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪೇಷಂಟ್ 58 ವರ್ಷದ ಮಹಿಳೆ. ಮಂಡಿ ಬದಲಾವಣೆ ಆಪರೇಷನ್ ಆಗಿ 10ನೇ ದಿನ. ಎಡಗಾಲು ಬಾತಿದೆ, ಡಾಪ್ಲರ್‌ನಲ್ಲಿ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ತೊಡೆಯ ಸಿರೆಯಲ್ಲಿ ಕ್ಲಾಟ್ (ಹೆಪ್ಪುಗಟ್ಟಿದ ರಕ್ತ) ಇದೆ. ನಿನ್ನೆಯಿಂದ ಏದುಸಿರು, ಆಕ್ಸಿಜನ್ ಇಲ್ಲದೆ ಸ್ಯಾಚುರೇಷನ್ 91. ಬಿಪಿ 118/76, ನಾಡಿ 108. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಶುರು ಮಾಡಿದ್ದಾರೆ.

ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಬಲ ಹೃತ್ಕುಕ್ಷಿ ಸ್ವಲ್ಪ ಹಿಗ್ಗಿದೆ, ಟ್ಯಾಪ್ಸೆ (ಅದು ಎಷ್ಟು ಚೆನ್ನಾಗಿ ಪಂಪ್ ಮಾಡುತ್ತದೆ ಎಂಬ ಅಳತೆ) 15 ಮಿ.ಮೀ. ಇಷ್ಟೇ ಆಗಿದ್ದರೆ ಇಲ್ಲಿ ಕೇಳುತ್ತಿರಲಿಲ್ಲ. ಸಬ್‌ಕಾಸ್ಟಲ್‌ನಲ್ಲಿ (ಪಕ್ಕೆಲುಬಿನ ಕೆಳಗಿಂದ ನೋಡುವ ನೋಟ), ಐವಿಸಿ (ದೇಹದ ಕೆಳಭಾಗದ ರಕ್ತ ತರುವ ದೊಡ್ಡ ಸಿರೆ) ಬಲ ಹೃತ್ಕರ್ಣಕ್ಕೆ ಸೇರುವ ಕಡೆಯಿಂದ ಸುಮಾರು 3 ಸೆಂ.ಮೀ. ಉದ್ದದ ತೆಳು ಎಳೆ ಎದ್ದು ಓಲಾಡುತ್ತಿದೆ. ತುದಿಯಲ್ಲಿ ಉಂಡೆಯ ಹಾಗೆ ಏನೋ, 9 × 7 ಮಿ.ಮೀ. 4 ವರ್ಷದ ಹಿಂದಿನ ರಿಪೋರ್ಟಿನಲ್ಲಿ ‘ಕಿಯಾರಿ ಜಾಲ ಇದೆ, ತೊಂದರೆಯಿಲ್ಲ’ ಅಂತ ಬರೆದಿದ್ದಾರೆ (ಭ್ರೂಣಕಾಲದಿಂದ ಉಳಿದ ಬಲೆಯಂಥ ಎಳೆ). ಕ್ಲಿಪ್ ಉಳಿದಿಲ್ಲ, ಕಾಗದ ಮಾತ್ರ.

ಉಂಡೆಯನ್ನು ಕ್ಲಾಟ್ ಅನ್ನಲು ಇಷ್ಟು ಮಿ.ಮೀ. ಎಂಬ ಅಳತೆ ಇದೆಯೇ? ಪಿಎಫ್‌ಓ (ಹೃತ್ಕರ್ಣಗಳ ನಡುಗೋಡೆಯಲ್ಲಿ ಮುಚ್ಚದೆ ಉಳಿದ ಕಿಂಡಿ) ಇದೆಯೋ ನೋಡಲು ಬಬಲ್ ಸ್ಟಡಿ (ಸಿರೆಗೆ ಸಣ್ಣ ಗುಳ್ಳೆಗಳ ಸಲೈನ್ ಕೊಟ್ಟು ಎಕೋ ನೋಡುವುದು) ಮಾಡಬಹುದೇ? ಟಿಇಇಗೆ (ಅನ್ನನಾಳಕ್ಕೆ ಪ್ರೋಬ್ ಇಳಿಸಿ ಮಾಡುವ ಎಕೋ) ಕಳಿಸುವುದು ಯಾವಾಗ? ಜೊತೆಗೆ, ಹಳೆಯ ರಿಪೋರ್ಟನ್ನು ಎಷ್ಟರ ಮಟ್ಟಿಗೆ ನಂಬಬೇಕು?

---

ಸಬ್‌ಕಾಸ್ಟಲ್

ಉಂಡೆಯನ್ನು ಅಳೆಯುವ ಮುಂಚೆ ಅದು ಉಂಡೆಯೇ ಹೌದೋ ಅಂತ ಮೊದಲು ನೋಡಿ. ಕಿಯಾರಿ ಎಳೆ ಚಾಟಿಯ ಹಾಗೆ ಬೀಸುತ್ತದೆ, ತುದಿಯ ವೇಗವೇ ಎಲ್ಲಕ್ಕಿಂತ ಹೆಚ್ಚು. ಸೆಕೆಂಡಿಗೆ 25–30 ಫ್ರೇಮಿನಲ್ಲಿ ನೋಡಿದರೆ ಆ ತುದಿ ಕಲಸಿಹೋಗಿ ಉಂಡೆಯಾಗಿ ಕಾಣುತ್ತದೆ. ಎಳೆ ಮಡಚಿಕೊಂಡಿದ್ದರೂ, ಬೀಮಿಗೆ ಎದುರಾಗಿ ತಿರುಗಿದ್ದರೂ ಹಾಗೇ ಆಗುತ್ತದೆ. ಹಾಗಾಗಿ:

ಸೆಕ್ಟರ್ ಕಿರಿದು ಮಾಡಿ. ಡೆಪ್ತನ್ನು ಹೃತ್ಕರ್ಣದ ಹಿಂಗೋಡೆಯವರೆಗೆ ಮಾತ್ರ ಇಡಿ. ಫ್ರೇಮ್ ರೇಟ್ 60 ದಾಟಲಿ, ಫೋಕಸ್ ಐವಿಸಿ ಬಾಯಿಯ ಮಟ್ಟಕ್ಕೆ ಬರಲಿ. ಆಮೇಲೆ ಗೇನ್ (ಚಿತ್ರದ ಹೊಳಪು) ಇಳಿಸುತ್ತಾ ಬನ್ನಿ. ಕ್ಲಾಟ್ ಸಾಮಾನ್ಯವಾಗಿ ಸ್ನಾಯುವಿನಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು ಬೂದು ಬಣ್ಣ. ಕಿಯಾರಿ ಎಳೆ ನಾರು, ಬೆಳ್ಳಗೆ ಹೊಳೆಯುತ್ತದೆ. ಗೇನ್ ಇಳಿಸಿದಂತೆ ಎಳೆ ಕೊನೆಯವರೆಗೂ ಉಳಿದು ಉಂಡೆ ಮೊದಲೇ ಮಾಸಿದರೆ ಎರಡೂ ಒಂದೇ ವಸ್ತುವಲ್ಲ ಎಂಬ ಸುಳಿವು ಸಿಕ್ಕಿತು. ಹೊಸ ಕ್ಲಾಟಂತೂ ಎಷ್ಟೋ ಸಲ ರಕ್ತದಷ್ಟೇ ಕಪ್ಪಗಿರುತ್ತದೆ, ಆದ್ದರಿಂದ ಗೇನ್ ತೀರಾ ಇಳಿಸಿಯೇ ಬಿಟ್ಟರೆ ಅದೂ ಮಾಯ.

ಹಾರ್ಮಾನಿಕ್ ಇಮೇಜಿಂಗ್ (ಚಿತ್ರ ಚೊಕ್ಕ ಮಾಡುವ ಸೆಟ್ಟಿಂಗ್) ಆನ್ ಇದ್ದಾಗ ತೆಳು ರಚನೆಗಳೆಲ್ಲ ಇರುವುದಕ್ಕಿಂತ ದಪ್ಪ ಕಾಣುತ್ತವೆ. ಒಂದು ಕ್ಲಿಪ್ ಹಾರ್ಮಾನಿಕ್ ಆಫ್ ಮಾಡಿ ತೆಗೆಯಿರಿ, ದಪ್ಪವನ್ನು ಅದರಲ್ಲೇ ಅಳೆಯಿರಿ. ಸಬ್‌ಕಾಸ್ಟಲ್‌ನಲ್ಲಿ ಎಳೆ 12–14 ಸೆಂ.ಮೀ. ಆಳದಲ್ಲಿದ್ದರೆ ಅಡ್ಡ ದಿಕ್ಕಿನ ಸ್ಪಷ್ಟತೆ ಹೇಗೂ ಕಮ್ಮಿ; 1 ಮಿ.ಮೀ. ಎಳೆ ಅಡ್ಡಕ್ಕೆ 3 ಮಿ.ಮೀ. ಕಂಡರೆ ಆಶ್ಚರ್ಯವಿಲ್ಲ. ಬೀಮಿನ ಉದ್ದಕ್ಕೆ ಸಿಗುವ ಅಳತೆಯನ್ನಷ್ಟೇ ನಂಬಿ.

ನಂತರ ಎಂ-ಮೋಡ್ (ಒಂದೇ ಗೆರೆಯ ಮೇಲಿನ ಚಲನೆಯನ್ನು ಸಮಯದ ಜೊತೆ ತೋರಿಸುವುದು) ಗೆರೆಯನ್ನು ಎಳೆಯ ಮೇಲೆ ಹಾಯಿಸಿ. ಬರೀ ಕಿಯಾರಿಯಾದರೆ ಹೃದಯ ಬಡಿತದ ಲಯಕ್ಕೆ ಸಿಗದ, ಎದ್ದಾಬಿದ್ದಿ ಸಣ್ಣ ನಡುಕದ ಗೆರೆಗಳು ಬರುತ್ತವೆ. ತುದಿಗೆ ತೂಕ ಸೇರಿದ್ದರೆ ಚಲನೆ ನಿಧಾನವಾಗಿ, ಲೋಲಕದ ಹಾಗೆ ದೊಡ್ಡ ತೂಗಾಟವಾಗುತ್ತದೆ.

ಇನ್ನು ನೋಟಗಳು. ಒಂದೇ ನೋಟದಲ್ಲಿ ತೀರ್ಪು ಬೇಡ.

ಸಬ್‌ಕಾಸ್ಟಲ್: ರೋಗಿ ಅಂಗಾತ, ಮಂಡಿ ಮಡಚಿ. (ಈಕೆಗೆ ಮಂಡಿ ಮಡಚುವುದು ಕಷ್ಟ, ತೊಡೆಯ ಕೆಳಗೆ ಒಂದು ದಿಂಬು ಕೊಟ್ಟರೆ ಸಾಕು.) ಉಸಿರು ಎಳೆದು ಹಿಡಿಯಲಿ. ನಾಲ್ಕು ಕೋಣೆಯ ನೋಟದಿಂದ ಪ್ರೋಬನ್ನು ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿ, ಮಾರ್ಕರ್ ತಲೆಯ ಕಡೆ. ಐವಿಸಿ ಉದ್ದಕ್ಕೆ ತೆರೆದುಕೊಳ್ಳುತ್ತದೆ. ಎಳೆಯ ಬುಡ ಐವಿಸಿ ಬಾಯಿಯ ಮುಂದಿನ ಅಂಚಿನಲ್ಲೇ ಇದೆಯೋ, ಅಥವಾ ಎಳೆ ಐವಿಸಿಯೊಳಗಿಂದಲೇ ಎದ್ದು ಬರುತ್ತಿದೆಯೋ? ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಬಾಯಿಯ ಮುಂದಿನ ಅಂಚು ಯೂಸ್ಟೇಶಿಯನ್ ಕವಾಟದ ಜಾಗ, ಕಿಯಾರಿ ಜಾಲ ಆಗುವುದು ಈ ಕವಾಟದಿಂದಲೇ. ಎಳೆ ಐವಿಸಿಯ ಒಳಕ್ಕೆ, ಯಕೃತ್ತಿನ ಸಿರೆಗಳ ಮಟ್ಟಕ್ಕೆ ಇಳಿದು ಹೋಗಿದ್ದರೆ ಅದು ಕಿಯಾರಿಯಲ್ಲ. ಕಾಲಿನಿಂದ ಬಂದ ಕ್ಲಾಟ್ ಇರಬೇಕು, ಇಲ್ಲವೇ ಮೂತ್ರಪಿಂಡದ ಗೆಡ್ಡೆ ಐವಿಸಿ ಹಿಡಿದು ಮೇಲೆ ಬಂದಿರಬೇಕು. ಎರಡನೆಯದಕ್ಕಾಗಿ ಮೂತ್ರಪಿಂಡಗಳ ಮೇಲೂ ಒಮ್ಮೆ ಪ್ರೋಬ್ ಇಡಿ, ಎರಡು ನಿಮಿಷದ ಕೆಲಸ.

ಬಲ ಹೃತ್ಕುಕ್ಷಿಯ ಇನ್‌ಫ್ಲೋ ನೋಟ: ಪ್ಯಾರಾಸ್ಟರ್ನಲ್ ಉದ್ದ ನೋಟದಿಂದ ಪ್ರೋಬಿನ ಮುಖವನ್ನು ರೋಗಿಯ ಬಲ ಸೊಂಟದ ಕಡೆ ವಾಲಿಸಿ. ಎಡ ಹೃತ್ಕುಕ್ಷಿ ಪೂರ್ತಿ ಮರೆಯಾದಾಗ ಸರಿಯಾದ ಜಾಗ. ಐವಿಸಿ ಬಾಯಿ, ಯೂಸ್ಟೇಶಿಯನ್ ಕವಾಟ, ಕೊರೊನರಿ ಸೈನಸ್ (ಹೃದಯದ್ದೇ ರಕ್ತ ವಾಪಸು ತರುವ ಸಿರೆ) ಬಾಯಿ ಮೂರೂ ಇಲ್ಲಿ ಒಟ್ಟಿಗೆ ಸಿಗುತ್ತವೆ. ಆಳ ಕಮ್ಮಿ ಇರುವುದರಿಂದ ಚಿತ್ರವೂ ಸಬ್‌ಕಾಸ್ಟಲ್‌ಗಿಂತ ಚೊಕ್ಕ. ಬಹಳ ಜನ ಇದನ್ನು ಬಿಟ್ಟೇಬಿಡುತ್ತಾರೆ.

ಏಪಿಕಲ್ ನಾಲ್ಕು ಕೋಣೆಯಲ್ಲಿ ಪ್ರೋಬನ್ನು ಹಿಂದಕ್ಕೆ ವಾಲಿಸಿ ಕೊರೊನರಿ ಸೈನಸ್ ಕಾಣುವ ತನಕ ಹೋಗಿ, ಅಲ್ಲಿಂದ ನಿಧಾನವಾಗಿ ಮುಂದಕ್ಕೆ ಬನ್ನಿ. ಉಂಡೆ ಟ್ರೈಕಸ್ಪಿಡ್ (ಬಲ ಹೃತ್ಕರ್ಣ–ಹೃತ್ಕುಕ್ಷಿ ನಡುವಿನ ಕವಾಟ) ದಾಟಿ ಕೆಳಗೆ ಜಾರುತ್ತಿದೆಯೋ ನೋಡಬೇಕಾದ್ದು ಇಲ್ಲಿ. ಉದ್ದದ ಕಿಯಾರಿ ಎಳೆ ಕವಾಟದ ಬಾಯಿ ಮುಟ್ಟಬಹುದು, ಆದರೆ ಬಡಿತಕ್ಕೊಮ್ಮೆ ಹೃತ್ಕುಕ್ಷಿಯೊಳಗೆ ಪೂರ್ತಿ ಇಳಿದು ಬರುವುದನ್ನು ಕ್ಲಾಟ್ ಅಂತಲೇ ಹಿಡಿಯಿರಿ. ಕೊನೆಗೆ ಮಹಾಧಮನಿ ಮಟ್ಟದ ಅಡ್ಡ ನೋಟದಲ್ಲಿ ಹೃತ್ಕರ್ಣಗಳ ನಡುಗೋಡೆ: ಆ ಗೋಡೆಗೆ ಏನಾದರೂ ಅಂಟಿದೆಯೇ, ಎಡ ಹೃತ್ಕರ್ಣದಲ್ಲಿ ಅದರ ತುಂಡು ಇಣುಕುತ್ತಿದೆಯೇ?

ಮಿ.ಮೀ. ಪ್ರಶ್ನೆಗೆ ಉತ್ತರ: ಎಲ್ಲರೂ ಒಪ್ಪಿದ ಅಳತೆ ಇಲ್ಲ. ಎಳೆಯ ಸಹಜ ದಪ್ಪ 1–2 ಮಿ.ಮೀ. ಯೂಸ್ಟೇಶಿಯನ್ ಕವಾಟ 10 ಮಿ.ಮೀ. ಮೀರಿ ಚಾಚಿದ್ದರೆ ‘ದೊಡ್ಡದು’ ಅನ್ನುತ್ತಾರೆ, ಅದು ಉದ್ದದ ಲೆಕ್ಕ. ಉದ್ದ ಎಷ್ಟಿದ್ದರೂ ಕ್ಲಾಟ್ ಅನ್ನಲಾಗದು. ಎಳೆಯ ದಪ್ಪ ಒಂದು ಕಡೆ ಥಟ್ಟನೆ ಬದಲಾಗಿದ್ದು, ಅಂಚು ಏರುಪೇರಾಗಿದ್ದು, ಎರಡು ಬೇರೆ ನೋಟಗಳಲ್ಲಿ ಅದೇ ಜಾಗದಲ್ಲಿ ಹಾಗೇ ಕಂಡರೆ ಅನುಮಾನ ಗಟ್ಟಿ.

ಹಳೆಯ ರಿಪೋರ್ಟಿಗೆ ಬೆಲೆ ಇದೆ, ಆದರೆ ಅದು ಹೇಳುವುದು ‘ಆಗ ಜಾಲ ಇತ್ತು’ ಎಂದಷ್ಟೇ. ಕಾಲಿನಿಂದ ಬರುವ ಕ್ಲಾಟ್ ಮೊದಲು ಎದುರಾಗುವುದೇ ಈ ಜಾಲಕ್ಕೆ, ಬಲೆಗೆ ಮೀನು ಬಿದ್ದ ಹಾಗೆ. ಜಾಲ ಇರುವುದು ಗೊತ್ತಿದ್ದವರಲ್ಲಿ ಡಿವಿಟಿ (ಕಾಲಿನ ಆಳದ ಸಿರೆಯಲ್ಲಿ ಕ್ಲಾಟ್) ಆದರೆ ಇನ್ನೂ ಹೆಚ್ಚು ಹುಡುಕಬೇಕು. ‘ತೊಂದರೆಯಿಲ್ಲ’ ಎಂಬ ಹಳೆಯ ಸಾಲನ್ನು ಹೊಸ ರಿಪೋರ್ಟಿಗೆ ನಕಲು ಮಾಡುವ ಚಾಳಿ ಇಲ್ಲೇ ಕೈಕೊಡುವುದು. ಹಗ್ಗವನ್ನು ಹಾವು ಅಂದರೆ ನಾಲ್ಕು ಜನ ನಗುತ್ತಾರೆ, ಹಾವನ್ನು ಹಗ್ಗ ಅಂದರೆ ರೋಗಿ ಹೋಗುತ್ತಾರೆ.

---

ಟಿಇಇ90

ಮೇಲಿನವರು ನೋಟಗಳನ್ನು ವಿವರವಾಗಿ ಹೇಳಿದ್ದಾರೆ. ನನ್ನದು ಬಬಲ್ ಸ್ಟಡಿ ಬಗ್ಗೆ: ಈ ಚಿತ್ರ ಕಣ್ಣೆದುರು ಇರುವಾಗ ವಲ್ಸಾಲ್ವಾ (ಉಸಿರು ಬಿಗಿಹಿಡಿದು ಮುಕ್ಕುವುದು) ಮಾಡಿಸಬೇಡಿ. ಮುಕ್ಕಿ ಬಿಟ್ಟಾಗ ಬಲ ಹೃತ್ಕರ್ಣದ ಒತ್ತಡ ಒಮ್ಮೆಲೇ ಎಡದ್ದನ್ನು ಮೀರುತ್ತದೆ. ಪಿಎಫ್‌ಓ ಬಾಗಿಲು ತೆಗೆಸಲೆಂದೇ ಆ ಕಸರತ್ತು ಇರುವುದು. ಬಾಗಿಲ ಪಕ್ಕ 9 ಮಿ.ಮೀ. ಉಂಡೆ ತೂಗುತ್ತಿರುವಾಗ ಬಾಗಿಲು ತಳ್ಳಿ ನೋಡುವುದು ಯಾಕೆ? ಮೊದಲು ನಡುಗೋಡೆಯ ಮೇಲೆ ಕಲರ್ ಡಾಪ್ಲರ್ ಇಟ್ಟು, ವೇಗದ ಸ್ಕೇಲನ್ನು ಕೆಳಗಿಳಿಸಿ ನೋಡಿ. ಅಷ್ಟರಲ್ಲೇ ಕಂಡರೆ ಕಂಡಿತು.

ಈ ಜಾಗದ ಅಂಗರಚನೆ ಒಂದೇ ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಭ್ರೂಣದಲ್ಲಿ ಹೊಕ್ಕುಳಬಳ್ಳಿಯಿಂದ ಬರುವ ಆಮ್ಲಜನಕದ ರಕ್ತ ಐವಿಸಿ ಮೂಲಕ ಮೇಲೇರುತ್ತದೆ. ಅದು ಟ್ರೈಕಸ್ಪಿಡ್ ಕಡೆ ಹೋಗದೆ ನಡುಗೋಡೆಯ ಕಿಂಡಿಯ ಕಡೆ ಹೋಗಬೇಕು, ಅಲ್ಲಿಂದ ಎಡಕ್ಕೆ, ಅಲ್ಲಿಂದ ಮೆದುಳಿಗೆ. ಗದ್ದೆಗೆ ನೀರು ತಿರುಗಿಸಲು ಕಟ್ಟುವ ಬದುವಿನ ಕೆಲಸ ಯೂಸ್ಟೇಶಿಯನ್ ಕವಾಟದ್ದು. ಹುಟ್ಟುವ ಹೊತ್ತಿಗೆ ಅದು ಕುಗ್ಗಬೇಕು. ಕೆಲವರಲ್ಲಿ ಪಟ್ಟಿಯಾಗಿ ಉಳಿಯುತ್ತದೆ. ಇನ್ನು ಕೆಲವರಲ್ಲಿ ತೂತುತೂತಾಗಿ, ಹೃತ್ಕರ್ಣದ ಗೋಡೆಗೋ ನಡುಗೋಡೆಗೋ ಕಟ್ಟಿದ ಬಲೆಯಾಗುತ್ತದೆ. ಹಾನ್ಸ್ ಕಿಯಾರಿ 1897ರಲ್ಲಿ ವಿವರಿಸಿದ್ದು ಈ ಬಲೆಯನ್ನೇ. ಸುಮಾರು 100ರಲ್ಲಿ 2 ಜನರಲ್ಲಿ ಸಿಗುತ್ತದೆ. ಪಿಎಫ್‌ಓ ನಾಲ್ಕರಲ್ಲಿ ಒಬ್ಬರಿಗೆ. ಆದರೆ ಕಿಯಾರಿ ಇರುವವರನ್ನೇ ಟಿಇಇಯಲ್ಲಿ ನೋಡಿದ 1995ರ ಅಧ್ಯಯನದಲ್ಲಿ 10ರಲ್ಲಿ 8ಕ್ಕೂ ಹೆಚ್ಚು ಜನರಿಗೆ ಪಿಎಫ್‌ಓ ಇತ್ತು. ಬದು ಉಳಿದರೆ ನೀರು ಅದೇ ಕಿಂಡಿಗೆ ನುಗ್ಗುತ್ತಲೇ ಇರುತ್ತದೆ, ಕಿಂಡಿ ಮುಚ್ಚುವುದು ಹೇಗೆ? ನಿಮ್ಮ ರೋಗಿಯಲ್ಲಿ ಜಾಲ ಇದ್ದದ್ದು ನಿಜವಾದರೆ ಪಿಎಫ್‌ಓ ಇದೆ ಅಂತಲೇ ಲೆಕ್ಕ ಇಟ್ಟುಕೊಂಡು ನಡೆಯಿರಿ, ಬಬಲ್ಸ್ ಹೇಳುವ ತನಕ ಕಾಯಬೇಡಿ.

ಕ್ಲಾಟ್ ಇಲ್ಲವೆಂದು ಖಚಿತವಾದ ಮೇಲೆ, ಅಥವಾ ಕರಗಿದ ಮೇಲೆ, ಬಬಲ್ ಸ್ಟಡಿ ಮಾಡುವುದಾದರೆ ಗಮನಿಸಬೇಕಾದ್ದು ಇದು. ಲೂಯರ್ ಲಾಕ್ ಇರುವ 10 ಮಿ.ಲೀ. ಸಿರಿಂಜ್ ಎರಡು, ತ್ರೀವೇ ಒಂದು. 8 ಮಿ.ಲೀ. ಸಲೈನ್, 1 ಮಿ.ಲೀ. ರೋಗಿಯದೇ ರಕ್ತ, 1 ಮಿ.ಲೀ. ಗಾಳಿ. ರಕ್ತ ಸೇರಿಸಿದರೆ ಗುಳ್ಳೆ ಸಣ್ಣದಾಗಿ ಹೆಚ್ಚು ಹೊತ್ತು ನಿಲ್ಲುತ್ತದೆ. ಕಡಿಮೆಯೆಂದರೂ 10 ಸಲ ಅತ್ತಿಂದಿತ್ತ ಜೋರಾಗಿ ತಳ್ಳಿ, ಕಣ್ಣಿಗೆ ಕಾಣುವ ದೊಡ್ಡ ಗುಳ್ಳೆ ಹೊರಹಾಕಿ, ಮೊಣಕೈ ಮಡಿಕೆಯ ಸಿರೆಯ 20ಜಿ ಅಥವಾ 18ಜಿ ಕ್ಯಾನುಲಾದಿಂದ ತಕ್ಷಣ ಕೊಡಿ. ಮುಂಗೈಯ ಹಿಂಬದಿಯ 22ಜಿ ಆದರೆ ಗುಳ್ಳೆ ದಟ್ಟವಾಗಿ ಬರುವುದೇ ಇಲ್ಲ. ಬಲ ಹೃತ್ಕರ್ಣ ತುಂಬಿದ ಕ್ಷಣಕ್ಕೆ ವಲ್ಸಾಲ್ವಾ ಬಿಡಿಸಬೇಕು. ನಡುಗೋಡೆ ಎಡಕ್ಕೆ ಉಬ್ಬಿದ್ದು ಕಂಡಿಲ್ಲವೆಂದರೆ ಆ ವಲ್ಸಾಲ್ವಾ ಲೆಕ್ಕಕ್ಕಿಲ್ಲ. 3 ಬಡಿತದೊಳಗೆ ಎಡಕ್ಕೆ ಗುಳ್ಳೆ ಬಂದರೆ ಪಿಎಫ್‌ಓ. ತಡವಾಗಿ, ಶ್ವಾಸಕೋಶದ ಸಿರೆಗಳಿಂದ ಬಂದರೆ ಶ್ವಾಸಕೋಶದೊಳಗಿನ ಅಡ್ಡದಾರಿ.

ಇಲ್ಲೇ ಯೂಸ್ಟೇಶಿಯನ್ ಇನ್ನೊಂದು ಆಟ ಕಟ್ಟುತ್ತದೆ. ಕೈಯಿಂದ ಕೊಟ್ಟ ಗುಳ್ಳೆ ಎಸ್‌ವಿಸಿಯಿಂದ (ದೇಹದ ಮೇಲ್ಭಾಗದ ದೊಡ್ಡ ಸಿರೆ) ಇಳಿದು ಟ್ರೈಕಸ್ಪಿಡ್ ಕಡೆ ಹೋಗುತ್ತದೆ. ದೊಡ್ಡ ಯೂಸ್ಟೇಶಿಯನ್ ಮಾತ್ರ ಐವಿಸಿಯ ಗುಳ್ಳೆಯಿಲ್ಲದ ರಕ್ತವನ್ನು ನಡುಗೋಡೆಗೆ ತಂದು ಅಪ್ಪಳಿಸುತ್ತಿರುತ್ತದೆ. ನಡುಗೋಡೆಯ ಪಕ್ಕ ಒಂದು ಕಪ್ಪು ಪಟ್ಟಿ ಉಳಿದುಬಿಡುತ್ತದೆ. ಗುಳ್ಳೆ ಪಿಎಫ್‌ಓ ಬಾಗಿಲನ್ನು ಮುಟ್ಟುವುದೇ ಇಲ್ಲ, ರಿಪೋರ್ಟ್ ‘ನೆಗೆಟಿವ್’. ಹುಷಾರಿಲ್ಲದವರು ಆ ಕಪ್ಪು ಪಟ್ಟಿಯನ್ನೇ ಕ್ಲಾಟ್ ಅಂದುಬಿಡುವುದೂ ಇದೆ. ಪರಿಹಾರ: ತೊಡೆಯ ಸಿರೆಯಿಂದ ಕೊಡುವುದು. ಆದರೆ ತೊಡೆಯ ಸಿರೆಯಲ್ಲಿ ಕ್ಲಾಟ್ ಇರುವ ಕಾಲಿನಿಂದ ಖಂಡಿತ ಬೇಡ.

ಟಿಇಇ: ಆಮ್ಲಜನಕ 91ರಲ್ಲಿರುವವರಿಗೆ ಸೆಡೇಷನ್ ಕೊಟ್ಟು ಪ್ರೋಬ್ ಇಳಿಸುವುದು ಸಣ್ಣ ವಿಷಯವಲ್ಲ. ಓಕರಿಕೆ ಬಂದರೆ ಅದೂ ವಲ್ಸಾಲ್ವಾವೇ. ಟಿಟಿಇಯಲ್ಲಿ (ಎದೆಯ ಮೇಲಿಂದ ಮಾಡುವ ಸಾಮಾನ್ಯ ಎಕೋ) ದೊಡ್ಡ ಓಲಾಡುವ ಕ್ಲಾಟ್ ಖಚಿತವಾಗಿದ್ದರೆ ಟಿಇಇಯಿಂದ ಚಿಕಿತ್ಸೆ ಬದಲಾಗುತ್ತದೆಯೇ ಅಂತ ಕೇಳಿಕೊಳ್ಳಿ. ಸಂಶಯ ಉಳಿದಿದ್ದರೆ, ಇಲ್ಲವೇ ಸರ್ಜನ್ ‘ಕಿಂಡಿಯಲ್ಲಿ ಸಿಕ್ಕಿದೆಯೇ’ ಎಂದು ಕೇಳಿದರೆ ಮಾಡಿ. 90ರಿಂದ 110 ಡಿಗ್ರಿಯ ಬೈಕೇವಲ್ (ಎರಡೂ ದೊಡ್ಡ ಸಿರೆಗಳು ಕಾಣುವ) ನೋಟದಲ್ಲಿ ಐವಿಸಿ ಬಾಯಿ ಚಿತ್ರದ ಎಡಕ್ಕಿರುತ್ತದೆ. ಯೂಸ್ಟೇಶಿಯನ್ ಅಲ್ಲಿಂದ ಏಳುತ್ತದೆ. ಪ್ರೋಬನ್ನು ಎಡ–ಬಲ ನಿಧಾನ ಹೊರಳಿಸುತ್ತಾ ಪಿಎಫ್‌ಓ ಸುರಂಗವನ್ನು ಆದಿಯಿಂದ ಅಂತ್ಯದವರೆಗೆ ನೋಡಿ. ಎಡಭಾಗದಲ್ಲಿ ನಡುಗೋಡೆಯ ಎರಡು ಪದರ ಅರ್ಧಕ್ಕೆ ಕೂಡಿ ಉಳಿದ ಚೀಲದಂಥ ಮಡಿಕೆಯೊಂದು ಕೆಲವರಲ್ಲಿರುತ್ತದೆ. ಅದರಲ್ಲೂ ಕ್ಲಾಟ್ ಕೂರಬಹುದು. ಅದನ್ನು ಪಿಎಫ್‌ಓ ಅಂದುಕೊಂಡು ಮುಂದೆ ಹೋಗಬೇಡಿ.

---

ಎಕೋಕೋಣೆ

ಸರ್, ಮೇಡಂ, ಇಬ್ಬರಿಗೂ ಧನ್ಯವಾದ. ಹೇಳಿದಂತೆ ನೋಡಿದ್ದು: ಹಾರ್ಮಾನಿಕ್ ಆಫ್, 68 ಫ್ರೇಮ್. ಎಳೆಯ ಬುಡ ಐವಿಸಿ ಬಾಯಿಯ ಮುಂದಿನ ಅಂಚಿನಲ್ಲೇ ಇದೆ, ದಪ್ಪ 1.5 ಮಿ.ಮೀ. ಉಂಡೆ ಹೋಗಿಲ್ಲ, ಸಬ್‌ಕಾಸ್ಟಲ್‌ನಲ್ಲೂ ಇನ್‌ಫ್ಲೋದಲ್ಲೂ 8 ಮಿ.ಮೀ., ಅಂಚು ಒರಟು, ಗೇನ್ ಇಳಿಸಿದಾಗ ಎಳೆಗಿಂತ ಮೊದಲು ಮಾಸುತ್ತದೆ. ಎಂ-ಮೋಡ್‌ನಲ್ಲಿ ತೂಗಾಟ ನಿಧಾನ. ಟ್ರೈಕಸ್ಪಿಡ್ ದಾಟುತ್ತಿಲ್ಲ. ಐವಿಸಿ 23 ಮಿ.ಮೀ., ಅರ್ಧಕ್ಕಿಂತ ಕಡಿಮೆ ಕುಗ್ಗುತ್ತದೆ. ಕಿಡ್ನಿ ಎರಡೂ ಸರಿ. ನಡುಗೋಡೆಯಲ್ಲಿ ಕಲರ್ ಏನೂ ಕಾಣಿಸುತ್ತಿಲ್ಲ.

ಇಷ್ಟರಲ್ಲಿ ಸಿಟಿಯೂ ಆಯಿತು. ಎರಡೂ ಕಡೆ ಶ್ವಾಸಕೋಶದ ಧಮನಿಯ ಸಣ್ಣ ಶಾಖೆಗಳಲ್ಲಿ ಕ್ಲಾಟ್, ಜೊತೆಗೆ ‘ಬಲ ಹೃತ್ಕರ್ಣದಲ್ಲಿ 3 ಸೆಂ.ಮೀ. ದೊಡ್ಡ ಫಿಲ್ಲಿಂಗ್ ಡಿಫೆಕ್ಟ್’ (ಕಾಂಟ್ರಾಸ್ಟ್ ಬಣ್ಣ ತುಂಬದ ಜಾಗ) ಅಂತ ರಿಪೋರ್ಟ್. ನಮ್ಮ ಎಕೋದಲ್ಲಿ ಅಷ್ಟು ದೊಡ್ಡದು ಎಲ್ಲೂ ಇಲ್ಲ. ಕಾಂಟ್ರಾಸ್ಟ್ ಎಕೋ ಅಥವಾ ಎಂಆರ್‌ಐ ಬೇಕೇ?

---

ಬೂದುಛಾಯೆ

ಆ 3 ಸೆಂ.ಮೀ. ಬಹುತೇಕ ಬೆರಕೆಯ ನೆರಳು. ಶ್ವಾಸಕೋಶದ ಸಿಟಿಯಲ್ಲಿ ಬಣ್ಣ ಕೈಯಿಂದ ಹೋಗುತ್ತದೆ, ಚಿತ್ರ ತೆಗೆಯುವುದು ಶ್ವಾಸಕೋಶದ ಧಮನಿ ತುಂಬಿದ ಕೂಡಲೇ. ಆ ಹೊತ್ತಿಗೆ ಕಾಲಿನ ಕಡೆಯಿಂದ ಬಣ್ಣವಿಲ್ಲದ ರಕ್ತ ಐವಿಸಿಯಿಂದ ನುಗ್ಗುತ್ತಿರುತ್ತದೆ. ಎರಡೂ ಹೃತ್ಕರ್ಣದಲ್ಲಿ ಸುಳಿಯಾಗಿ ಬೆರೆಯುವಾಗ ದೊಡ್ಡ ಕಪ್ಪು ಮೋಡ ಕಾಣುತ್ತದೆ. ಟಿಇಇ90 ಅವರು ಬಬಲ್ಸ್ ವಿಷಯದಲ್ಲಿ ಹೇಳಿದ ಕಪ್ಪು ಪಟ್ಟಿಯ ಅಣ್ಣತಮ್ಮ ಇದು. ಯೂಸ್ಟೇಶಿಯನ್ ದೊಡ್ಡದಿದ್ದರೆ ಮೋಡ ಇನ್ನೂ ಅಚ್ಚುಕಟ್ಟಾಗಿ ನಡುಗೋಡೆಗೆ ಒರಗಿ ನಿಂತು ಗೆಡ್ಡೆಯ ಹಾಗೇ ಕಾಣುತ್ತದೆ. ಅಂಚು ಮಸುಕಾಗಿದ್ದು ಐವಿಸಿ ಕಡೆಗೆ ಕರಗಿಹೋದಂತಿದ್ದರೆ ಅದು ಬೆರಕೆ. 60–90 ಸೆಕೆಂಡ್ ತಡವಾಗಿ ತೆಗೆದ ಸರಣಿ ಇದ್ದರೆ ಅದರಲ್ಲಿ ನೋಡಿ. ಎಲ್ಲ ಕಡೆ ಬಣ್ಣ ಸಮನಾದ ಮೇಲೂ ಉಳಿದಿರುವುದೇ ನಿಜವಾದ ಕ್ಲಾಟ್. ತಡದ ಸರಣಿ ತೆಗೆದಿಲ್ಲವಾದರೆ ಅದೊಂದಕ್ಕಾಗಿ ಮತ್ತೆ ಸಿಟಿ ಬೇಡ, ಈ ಜಾಗದಲ್ಲಿ ನಿಮ್ಮ ಎಕೋವೇ ಮೇಲು.

ತದ್ವಿರುದ್ಧವೂ ನಿಜ: ನಿಮ್ಮ 8 ಮಿ.ಮೀ. ಉಂಡೆ ಆ ಮೋಡದಲ್ಲಿ ಮುಚ್ಚಿಹೋಗಿರಬಹುದು. ಹಾಗಾಗಿ ಸಿಟಿಯಲ್ಲಿ ಉಂಡೆ ಬೇರೆಯಾಗಿ ಕಂಡಿಲ್ಲವೆಂದು ಎಕೋದಲ್ಲಿ ಕಂಡಿದ್ದನ್ನು ಅಳಿಸಬೇಡಿ.

ಎಂಆರ್‌ಐ ಇಲ್ಲಿ ಅಷ್ಟು ಉಪಯೋಗವಿಲ್ಲ. ಗೋಡೆಗೆ ಅಂಟಿ ಕೂತ ಕ್ಲಾಟಿಗೆ ಅದು ಚೆನ್ನ: ಗ್ಯಾಡೋಲಿನಿಯಂ ಕೊಟ್ಟ ಮೇಲೆ ಇನ್ವರ್ಷನ್ ಟೈಮ್ 500–600 ಮಿಲಿಸೆಕೆಂಡಿಗೆ ಇಟ್ಟರೆ ಕ್ಲಾಟ್ ಕಡುಕಪ್ಪು. ಆದರೆ ಎಂಆರ್‌ಐ ಹಲವು ಬಡಿತಗಳನ್ನು ಕೂಡಿಸಿ ಒಂದು ಚಿತ್ರ ಮಾಡುವುದು. ಬಡಿತಕ್ಕೊಂದು ಜಾಗದಲ್ಲಿರುವ ಎಳೆ ಅದಕ್ಕೆ ಸಿಗುವುದೇ ಇಲ್ಲ. ಏದುಸಿರು ಇರುವವರನ್ನು ಅಷ್ಟು ಹೊತ್ತು ಮಲಗಿಸುವುದು ಬೇರೆ.

ಎಕೋ ಕಾಂಟ್ರಾಸ್ಟ್, ಅಂದರೆ ಸೋನೋವ್ಯೂ ಥರದ್ದು, ಗೆಡ್ಡೆಯೋ ಕ್ಲಾಟೋ ಎಂಬ ಪ್ರಶ್ನೆಗೆ ಸರಿ. ಮೆಕ್ಯಾನಿಕಲ್ ಇಂಡೆಕ್ಸ್ 0.2ಕ್ಕಿಂತ ಕೆಳಗಿಟ್ಟು ಕೊಟ್ಟರೆ ಕ್ಲಾಟ್ ಒಳಗೆ ಏನೂ ತುಂಬದೆ ಕಪ್ಪಗೇ ಉಳಿಯುತ್ತದೆ. ರಕ್ತನಾಳ ಇರುವ ಗೆಡ್ಡೆ ನಿಧಾನವಾಗಿ ಬೆಳಗುತ್ತದೆ, ಮಿಕ್ಸೋಮಾ (ಹೃದಯದ ಒಂದು ಬಗೆಯ ಗೆಡ್ಡೆ) ಅರೆಬರೆ. 8 ಮಿ.ಮೀ. ಓಲಾಡುವ ಉಂಡೆಗೆ ಇದೆಲ್ಲ ಅತಿಯಾಯಿತು. ಸುತ್ತಲಿನ ಬಿಳಿ ಪ್ರವಾಹದಲ್ಲಿ ಎಳೆಯೂ ಉಂಡೆಯೂ ಮುಳುಗಿಹೋಗುತ್ತವೆ. ಮಿಕ್ಸೋಮಾ ಸಾಮಾನ್ಯವಾಗಿ ನಡುಗೋಡೆಯ ಫೋಸಾ ಓವಾಲಿಸ್ (ಭ್ರೂಣದ ಕಿಂಡಿ ಇದ್ದ ಜಾಗದ ತಗ್ಗು) ಬಳಿ ತೊಟ್ಟು ಇಟ್ಟುಕೊಂಡಿರುತ್ತದೆ, ಯೂಸ್ಟೇಶಿಯನ್ ತುದಿಯಲ್ಲಲ್ಲ. ಜ್ವರ ಇದ್ದು, ಸೆಂಟ್ರಲ್ ಲೈನ್ ಇದ್ದರೆ ಸೋಂಕಿನ ಗಂಟನ್ನು ಮಾತ್ರ ಮರೆಯಬೇಡಿ. ಚಿತ್ರದಲ್ಲಿ ಅದಕ್ಕೂ ಕ್ಲಾಟಿಗೂ ವ್ಯತ್ಯಾಸ ಹೇಳಲಾಗದು, ಬ್ಲಡ್ ಕಲ್ಚರ್ ಹೇಳಬೇಕು.

---

ಹೆಪಾರಿನ್‌ಮೊದಲು

ನೀವು ಕೊಟ್ಟ ವಿವರದಲ್ಲಿ ನಾನಾದರೆ ‘ಕಿಯಾರಿ ಎಳೆಗೆ ಅಂಟಿದ ಕ್ಲಾಟ್, ಬೇರೆ ಸಾಧ್ಯತೆ ಕಡಿಮೆ’ ಎಂದೇ ಬರೆಯುತ್ತೇನೆ. ಆದರೆ ಒಂದು ಮಾತಿಗೆ ತಕರಾರಿದೆ. ಸಬ್‌ಕಾಸ್ಟಲ್ ಅವರು ‘ಬಲೆಗೆ ಮೀನು’ ಅಂದರು. ಕಾಲಿನಿಂದ ಬಂದು ಸಿಕ್ಕಿದ್ದೋ ಅಲ್ಲೇ ಹುಟ್ಟಿದ್ದೋ ಅಂತ ಎಕೋದಲ್ಲಿ ಹೇಳಲು ಬರುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಚಿಕಿತ್ಸೆ ಕಟ್ಟುವುದು ಅದು ಎಷ್ಟು ಓಲಾಡುತ್ತದೆ, ಕಿಂಡಿ ಇದೆಯೋ, ಬಲ ಹೃತ್ಕುಕ್ಷಿ ಹೇಗಿದೆ ಎಂಬುದರ ಮೇಲೆ.

ಹಳೆಯ ವಿಂಗಡಣೆ ಇನ್ನೂ ಕೆಲಸಕ್ಕೆ ಬರುತ್ತದೆ. ‘ಎ’ ಅಂದರೆ ಹುಳುವಿನ ಹಾಗೆ ಉದ್ದ, ಸುರುಳಿ, ಕಾಲಿನ ಸಿರೆಯ ಅಚ್ಚು ತೆಗೆದಂತೆ ಇರುವುದು; ಇದು ಅತಿ ಅಪಾಯ. ‘ಬಿ’ ಗೋಡೆಗೆ ಅಗಲವಾಗಿ ಅಂಟಿ ಕದಲದ್ದು. ‘ಸಿ’ ಅಪರೂಪ, ತೊಟ್ಟಿನಿಂದ ತೂಗುವ ಮಿಕ್ಸೋಮಾದಂಥದ್ದು. ನಿಮ್ಮದು ‘ಸಿ’ಗೆ ಹತ್ತಿರ, ತೊಟ್ಟು ಮಾತ್ರ ಭ್ರೂಣಕಾಲದ್ದು. ಯುರೋಪಿನ 2019ರ ಮಾರ್ಗಸೂಚಿಯ ಪ್ರಕಾರ ಶ್ವಾಸಕೋಶದ ಎಂಬಾಲಿಸಂ (ಕ್ಲಾಟ್ ಹರಿದು ಹೋಗಿ ಶ್ವಾಸಕೋಶದ ಧಮನಿಯಲ್ಲಿ ಸಿಕ್ಕುವುದು) ಆದ ಎಲ್ಲರನ್ನೂ ಲೆಕ್ಕ ಹಿಡಿದರೆ ಬಲ ಹೃದಯದಲ್ಲಿ ಓಲಾಡುವ ಕ್ಲಾಟ್ ಸಿಗುವುದು ಶೇ. 4ಕ್ಕಿಂತ ಕಡಿಮೆ, ಐಸಿಯುನಲ್ಲಿರುವವರಲ್ಲಿ ಶೇ. 18ರವರೆಗೆ.

ಈಗ ಮಾಡಬಾರದ್ದು. ಆಪರೇಷನ್ ಆಗಿ 3 ವಾರ ಆಗಿಲ್ಲ, ಆದ್ದರಿಂದ ಮೈಪೂರ್ತಿ ಕ್ಲಾಟ್ ಕರಗಿಸುವ ಔಷಧಿ ಸಲೀಸಾಗಿ ಕೈಗೆ ಬರುವುದಿಲ್ಲ. ಬಿಪಿ ನಿಂತಿರುವಾಗ ಅದರ ಆತುರವೂ ಇಲ್ಲ. ತೊಡೆಯಿಂದ ಲೈನ್ ಹಾಕಬೇಡಿ. ಕತ್ತಿನಿಂದ ಹಾಕಲೇಬೇಕಾದರೆ ಗೈಡ್‌ವೈರ್ ಹೃತ್ಕರ್ಣದೊಳಕ್ಕೆ ಹೋಗದಂತೆ, ಹೊರಗೆ ಉಳಿದ ಉದ್ದ ನೋಡಿಕೊಂಡೇ ತಳ್ಳಿ. ಜೆ-ವೈರಿನ ಕೊಕ್ಕೆ ಈ ಜಾಲಕ್ಕೆ ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದ ಹಾಗಿರುತ್ತದೆ. ಐವಿಸಿ ಫಿಲ್ಟರ್ ಹಾಕಿದರೆ ಇನ್ನು ಮೇಲೆ ಬರುವುದನ್ನು ತಡೆದೀತು, ಆಗಲೇ ಮೇಲೆ ಕೂತಿರುವುದಕ್ಕೆ ಅದು ಏನೂ ಮಾಡದು. ಹಾಕುವಾಗ ತಂತಿ ತಾಗಿದರೆ ಇದ್ದದ್ದೂ ಹೋಯಿತು. ಕ್ಯಾಥೆಟರ್‌ನಿಂದ ಹೀರಿ ತೆಗೆಯುವ ಯೋಚನೆ ಬಂದರೆ ಜಾಲ ಇದೆ ಎಂದು ಮಾಡುವವರಿಗೆ ಮೊದಲೇ ಹೇಳಿ. ಪಿಎಫ್‌ಓ ಮುಚ್ಚುವ ಉಪಕರಣಗಳೂ ಕಿಯಾರಿ ಎಳೆಗಳಿಗೆ ಸಿಕ್ಕಿಹಾಕಿಕೊಂಡ ವರದಿಗಳಿವೆ.

ಕ್ಲಾಟ್ ಪಿಎಫ್‌ಓ ಸುರಂಗದಲ್ಲಿ ಅರ್ಧ ಅತ್ತ ಅರ್ಧ ಇತ್ತ ನಿಂತಿದ್ದರೆ ಕಥೆಯೇ ಬೇರೆ. ಅಂಥ 174 ರೋಗಿಗಳ ವರದಿಗಳನ್ನು ಒಟ್ಟುಗೂಡಿಸಿದ 2010ರ ವಿಮರ್ಶೆಯಲ್ಲಿ 30 ದಿನದೊಳಗಿನ ಸಾವು ಶೇ. 18ರಷ್ಟು. ಅಲ್ಲಿ ಶಸ್ತ್ರಚಿಕಿತ್ಸೆಯವರನ್ನು ರಾತ್ರಿಯಾದರೂ ಎಬ್ಬಿಸಬೇಕು. ನಿಮ್ಮ ರೋಗಿಯಲ್ಲಿ ಈಗ ಕಾಣುತ್ತಿರುವಷ್ಟೇ ಆದರೆ ಪೂರ್ಣ ಪ್ರಮಾಣದ ಹೆಪಾರಿನ್, ಮಾನಿಟರ್, 24–48 ಗಂಟೆಯಲ್ಲಿ ಮತ್ತೆ ಎಕೋ. ಕ್ಲಾಟ್ ಆದರೆ ಸಣ್ಣದಾಗುತ್ತದೆ ಅಥವಾ ಒಂದು ದಿನ ಇದ್ದಕ್ಕಿದ್ದಂತೆ ಇರುವುದಿಲ್ಲ. ಎಳೆ ಇದ್ದಲ್ಲೇ ಇರುತ್ತದೆ. ‘ಇದ್ದಕ್ಕಿದ್ದಂತೆ ಇಲ್ಲ’ ಎನ್ನುವಾಗ ಸ್ಯಾಚುರೇಷನ್ ಏನಾಗಿದೆ, ಮಾತು–ಕೈಕಾಲು ಸರಿ ಇವೆಯೇ ಅಂತ ತಕ್ಷಣ ನೋಡಬೇಕು. ಅದು ಎಲ್ಲಿಗೋ ಹೋಗಿರುತ್ತದೆ.

---

ಎನ್‌ಐಸಿಯು_ರಾತ್ರಿಪಾಳಿ

ಇದನ್ನು ಓದುವ ನವಜಾತ ಘಟಕದವರಿಗಾಗಿ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಮೇಲಿನ ಅರ್ಧದಷ್ಟು ನಿಯಮಗಳು ಮಕ್ಕಳಿಗೆ ತಲೆಕೆಳಗು.

ನವಜಾತ ಶಿಶುವಿನಲ್ಲಿ ಯೂಸ್ಟೇಶಿಯನ್ ಕವಾಟ ದೊಡ್ಡದಾಗಿರುವುದು ಸಹಜ. ಕೆಲವು ಮಕ್ಕಳಲ್ಲಿ ಹೃತ್ಕರ್ಣದ ಅರ್ಧಕ್ಕೆ ಪರದೆ ಕಟ್ಟಿದ ಹಾಗೆ ಇರುತ್ತದೆ, ಅದನ್ನು ನೋಡಿ ಹೃತ್ಕರ್ಣ ಎರಡಾಗಿದೆ ಅಂತ ಬರೆದುಬಿಡುತ್ತಾರೆ. ಪಿಎಫ್‌ಓ ಅಂತೂ ತೆರೆದೇ ಇರುತ್ತದೆ. ‘ಕಿಂಡಿ ಇದೆಯೇ’ ಎಂಬ ಪ್ರಶ್ನೆಯೇ ಇಲ್ಲ, ಹರಿವು ಯಾವ ಕಡೆಗೆ ಎಂಬುದೇ ಪ್ರಶ್ನೆ. ಶ್ವಾಸಕೋಶದ ಒತ್ತಡ ಇಳಿಯದ ಮಗುವಿನಲ್ಲಿ ಬಲದಿಂದ ಎಡಕ್ಕೆ ಹರಿಯುತ್ತಿದ್ದರೆ ಸಣ್ಣ ಕ್ಲಾಟ್ ಕೂಡ ಮೆದುಳಿಗೆ ದಾರಿ ಹಿಡಿದೀತು.

ಇಲ್ಲಿ ಕ್ಲಾಟಿಗೆ ಕಾರಣ ಹೆಚ್ಚಾಗಿ ಹೊಕ್ಕುಳ ಸಿರೆಯ ಕ್ಯಾಥೆಟರ್. ಅದರ ತುದಿ ಐವಿಸಿ–ಹೃತ್ಕರ್ಣ ಸಂಧಿಯಲ್ಲಿರಬೇಕು, ಎಕ್ಸ್‌ರೇಯಲ್ಲಿ ಟಿ8–ಟಿ9ರ ಮಟ್ಟ. ಒಂದಿಷ್ಟು ಒಳಗೆ ಹೋದರೆ ತುದಿ ಯೂಸ್ಟೇಶಿಯನ್‌ಗೆ ಉಜ್ಜುತ್ತಾ ಇರುತ್ತದೆ, ಇನ್ನೂ ಹೋದರೆ ಕವಾಟವೇ ಅದನ್ನು ಕಿಂಡಿಯೊಳಗೆ ತಿರುಗಿಸಿ ಎಡ ಹೃತ್ಕರ್ಣಕ್ಕೆ ಕಳಿಸುತ್ತದೆ. 8–12 ಮೆಗಾಹರ್ಟ್ಸ್ ಪ್ರೋಬ್, ಸಬ್‌ಕಾಸ್ಟಲ್ ಉದ್ದ ನೋಟ ಸಾಕು. ಬೆಚ್ಚಗಿನ ಜೆಲ್ ಹಚ್ಚಿ, ಒತ್ತಬೇಡಿ. ಕ್ಯಾಥೆಟರ್ ಎರಡು ಸಮಾನಾಂತರ ಬಿಳಿ ಗೆರೆ. ತುದಿಯಿಂದಾಚೆಗೂ ಮೆದು ಬೂದು ಮುದ್ದೆ ಮುಂದುವರಿದಿದ್ದರೆ ಕ್ಲಾಟ್. ಕ್ಯಾಥೆಟರ್ ತೆಗೆದಾದ ಮೇಲೂ ಆ ಎರಡು ಗೆರೆ ಹಾಗೇ ಉಳಿದಿದ್ದರೆ ಗಾಬರಿ ಬೇಡ, ಕ್ಯಾಥೆಟರ್ ತುಂಡಾಗಿದೆ ಅಂತ ಕೂಗುವುದೂ ಬೇಡ. ಮೊದಲು ತೆಗೆದ ಕ್ಯಾಥೆಟರ್‌ನ ಉದ್ದ ಅಳೆದು, ಎಕ್ಸ್‌ರೇ ತೆಗೆಯಿರಿ. ಕ್ಯಾಥೆಟರ್ ಪೂರ್ತಿ ಬಂದಿದ್ದರೆ ಉಳಿದಿರುವುದು ಅದರ ಮೇಲೆ ಕಟ್ಟಿದ್ದ ಫೈಬ್ರಿನ್ ಕವಚ.

ಕ್ಯಾಥೆಟರ್ ತುದಿಯಲ್ಲಿ ಕ್ಲಾಟ್ ಕಂಡ ಕೂಡಲೇ ಎಳೆದುಬಿಡುವುದು ಸ್ವಾಭಾವಿಕ ಆಸೆ. ಎಳೆದರೆ ಕ್ಲಾಟ್ ಕಳಚಿಕೊಂಡು ಓಡಬಹುದು. ರಕ್ತಸ್ರಾವದ ಭಯವಿಲ್ಲದಿದ್ದರೆ 3ರಿಂದ 5 ದಿನ ಹೆಪಾರಿನ್ ಕೊಟ್ಟು ಆಮೇಲೆ ತೆಗೆಯುವುದು ವಾಡಿಕೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಹೆಪಾರಿನ್‌ಗೆ ಮುಂಚೆ ತಲೆಯ ಅಲ್ಟ್ರಾಸೌಂಡ್ ಆಗಿರಲೇಬೇಕು.

---

ಸಬ್‌ಕಾಸ್ಟಲ್

ಎಕೋಕೋಣೆ, ರಿಪೋರ್ಟಿನಲ್ಲಿ ಬರೆಯುವಾಗ ಬರೀ ‘ಕ್ಲಾಟ್ ಇದೆ’ ಅಂತ ಮುಗಿಸಬೇಡಿ. ಬುಡ ಎಲ್ಲಿ, ಎಳೆಯ ಉದ್ದ–ದಪ್ಪ, ಉಂಡೆಯ ಅಳತೆ ಎರಡು ನೋಟದಲ್ಲಿ, ಟ್ರೈಕಸ್ಪಿಡ್ ದಾಟುತ್ತದೋ ಇಲ್ಲವೋ, ನಡುಗೋಡೆ ಮುಟ್ಟುತ್ತದೋ, ಐವಿಸಿ ಒಳಗೆ ಏನಾದರೂ ಇದೆಯೋ, ಬಲ ಹೃತ್ಕುಕ್ಷಿಯ ಅಂಕಿಗಳು. ಪಿಎಫ್‌ಓ ಬಗ್ಗೆ ‘ಕಲರ್‌ನಲ್ಲಿ ಕಂಡಿಲ್ಲ, ಬಬಲ್ ಸ್ಟಡಿ ಬೇಕೆಂದೇ ಮಾಡಿಲ್ಲ’ ಎಂದು ಸ್ಪಷ್ಟವಾಗಿ ಹಾಕಿ. ಬರೀ ‘ಪಿಎಫ್‌ಓ ಇಲ್ಲ’ ಅಂತ ಬಿಟ್ಟರೆ ಮುಂದೆ ಓದುವವರು ಅದನ್ನೇ ಹಿಡಿಯುತ್ತಾರೆ. ರಿಪೋರ್ಟ್ ಟೈಪ್ ಆಗುವ ತನಕ ಕಾಯದೆ ನೋಡುತ್ತಿರುವ ಡಾಕ್ಟರಿಗೆ ಫೋನಿನಲ್ಲಿ ಹೇಳಿ, ಹೇಳಿದ ಸಮಯವನ್ನೂ ಅದರಲ್ಲೇ ಬರೆಯಿರಿ.

ಹಾಗೇ ಹಾರ್ಮಾನಿಕ್ ಆಫ್ ಮಾಡಿ ತೆಗೆದ ಆ ಕ್ಲಿಪ್, ಅದೇ ಡೆಪ್ತ್, ಅದೇ ಗೇನ್ ಸಂಖ್ಯೆಯೊಂದಿಗೆ ಉಳಿಸಿಡಿ. ನಾಳಿದ್ದು ಹೋಲಿಸುವವರಿಗೆ ಕಾಗದ ಮಾತ್ರ ಸಿಗಬಾರದು.